26ನೇ ವಾರದಿಂದ ಆಟಿ ತಿಂಗಳವರೆಗೆ: ಗರ್ಭಿಣಿ ಶುಗರ್‌ನೊಂದಿಗೆ ನನ್ನ ದಿನಗಳು

ಕಳೆದ ವಾರ ಸಹೋದ್ಯೋಗಿಯೊಬ್ಬರ ತಂಗಿ ಫೋನ್ ಮಾಡಿದ್ದಳು. ಅವಳಿಗೆ ಈಗ ಏಳನೇ ತಿಂಗಳು, ಪರೀಕ್ಷೆಯಲ್ಲಿ ಶುಗರ್ ಬಂದಿದೆ. "ಅಕ್ಕಾ, ನಾನು ಚಹಾಕ್ಕೂ ಸಕ್ಕರೆ ಹಾಕಿಕೊಳ್ಳುವವಳಲ್ಲ. ನನಗೆ ಹೇಗೆ ಬಂತು?" ಎಂದು ಕೇಳುತ್ತಲೇ ಅತ್ತುಬಿಟ್ಟಳು. ಮಾರ್ಚ್ ತಿಂಗಳಲ್ಲಿ ನಾನೂ ಇದೇ ಪ್ರಶ್ನೆಯನ್ನು ಸಿಕ್ಕಸಿಕ್ಕವರಲ್ಲಿ ಕೇಳಿದ್ದೆ. ಅವಳೊಡನೆ ಮುಕ್ಕಾಲು ಗಂಟೆ ಮಾತನಾಡಿ ಫೋನ್ ಇಟ್ಟ ಮೇಲೆ, ಮಗು ಮಲಗಿರುವಾಗಲೇ ಎಲ್ಲವನ್ನೂ ಬರೆದಿಡೋಣ ಎನ್ನಿಸಿತು. ಹೆರಿಗೆಯಾಗಿ ಏಳು ವಾರವಾಗಿದೆ. ಇನ್ನೂ ಯಾವುದೂ ಮರೆತಿಲ್ಲ.

ನಾನು ಸುರತ್ಕಲ್ ಕಡೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಗಂಡನ ಮನೆ ಕಾವೂರು, ತವರು ಕಟಪಾಡಿ. ವಯಸ್ಸು 31. ಗರ್ಭಿಣಿಯಾಗುವಾಗ ತೂಕ 54 ಕಿಲೋ, ಎತ್ತರ 155 ಸೆಂಟಿಮೀಟರ್. ಈ ಎರಡು ಸಂಖ್ಯೆಗಳನ್ನು ಸುಮ್ಮನೆ ಬರೆದಿಲ್ಲ, ಮುಂದೆ ಬೇಕಾಗುತ್ತವೆ.

ಒಂಬತ್ತನೇ ವಾರದಲ್ಲಿ ಮಾಡಿಸಿದ ಮೊದಲ ರಕ್ತಪರೀಕ್ಷೆಯಲ್ಲಿ ಖಾಲಿಹೊಟ್ಟೆಯ ಸಕ್ಕರೆ 86 ಇತ್ತು. ಎಲ್ಲ ಸರಿಯಿದೆ ಎಂದರು. ಆ ಕಾಗದವನ್ನು ನಾನು ಎಲ್ಲೋ ಇಟ್ಟು ಮರೆತೆ. ನೀವು ಮರೆಯಬೇಡಿ. ಆ ಒಂದು ಕಾಗದಕ್ಕಾಗಿ ಜೂನ್ ತಿಂಗಳಲ್ಲಿ ನನ್ನ ಗಂಡ ಆಸ್ಪತ್ರೆಯಿಂದ ಮನೆಗೆ ಮಳೆಯಲ್ಲಿ ಓಡಬೇಕಾಯಿತು.

ನಮ್ಮ ದೇಶದ ಸರಕಾರಿ ಮಾರ್ಗಸೂಚಿಯ ಪ್ರಕಾರ ಗರ್ಭಿಣಿಯರಿಗೆ ಸಕ್ಕರೆ ಪರೀಕ್ಷೆ ಎರಡು ಸಲ ಆಗಬೇಕು: ಮೊದಲ ಭೇಟಿಯಲ್ಲಿ ಒಮ್ಮೆ, ಅದು ಸರಿಯಿದ್ದರೆ 24ರಿಂದ 28ನೇ ವಾರದ ನಡುವೆ ಇನ್ನೊಮ್ಮೆ. ನನಗೆ ಎರಡನೆಯದನ್ನು 26ನೇ ವಾರದಲ್ಲಿ ಬರೆದುಕೊಟ್ಟರು. ಮಾರ್ಚ್ ಮಧ್ಯ, ಬೆಳಗ್ಗೆ ಏಳಕ್ಕೇ ಬೆವರು. ಖಾಲಿಹೊಟ್ಟೆಯಲ್ಲಿ ರಕ್ತ ಕೊಟ್ಟ ಮೇಲೆ 75 ಗ್ರಾಂ ಗ್ಲೂಕೋಸ್ ಪುಡಿಯನ್ನು ಒಂದು ದೊಡ್ಡ ಲೋಟ ನೀರಿನಲ್ಲಿ ಕದಡಿ ಕೈಗಿಟ್ಟರು. ಐದು ನಿಮಿಷದೊಳಗೆ ಕುಡಿದು ಮುಗಿಸಬೇಕು. ಮೊದಲ ಗುಟುಕು ಪರವಾಗಿಲ್ಲ ಎನ್ನಿಸಿತು. ಅರ್ಧ ಲೋಟವಾಗುವಾಗ ನಾಲಿಗೆ ಅಂಟತೊಡಗಿತು, ಕೊನೆಯಲ್ಲಿ ತಳದಲ್ಲಿ ಉಳಿದಿದ್ದ ಪುಡಿ ಮರಳಿನಂತೆ ಗಂಟಲಿಗೆ ಸಿಕ್ಕಿತು. ಇಪ್ಪತ್ತನೇ ನಿಮಿಷಕ್ಕೆ ಎಲ್ಲವೂ ವಾಂತಿಯಾಯಿತು. ಲ್ಯಾಬಿನ ಹುಡುಗಿ ಕನಿಕರದಿಂದಲೇ ಹೇಳಿದಳು: "ಅರ್ಧ ಗಂಟೆಯೊಳಗೆ ವಾಂತಿಯಾದರೆ ಪರೀಕ್ಷೆ ಲೆಕ್ಕಕ್ಕಿಲ್ಲ ಅಕ್ಕ, ನಾಳೆ ಬನ್ನಿ." ಇನ್ನೊಂದು ದಿನದ ರಜೆ, ಮತ್ತೆ 350 ರೂಪಾಯಿ.

ಮರುದಿನ ಹೋಗುವಾಗ ತಣ್ಣಗಿನ ನೀರನ್ನು ಮನೆಯಿಂದಲೇ ಒಯ್ದೆ. ಅದರಲ್ಲಿಯೇ ಪುಡಿಯನ್ನು ಚೆನ್ನಾಗಿ ಕರಗಿಸಲು ಹೇಳಿದೆ, ಸಣ್ಣ ಗುಟುಕುಗಳಲ್ಲಿ ಕುಡಿದೆ, ಗಾಳಿ ಬರುವ ಕಿಟಕಿಯ ಬಳಿ ಅಲುಗಾಡದೆ ಕುಳಿತೆ. ಹೊಟ್ಟೆಯಲ್ಲಿ ನಿಂತಿತು. ಎರಡು ಗಂಟೆಯೂ ಕುಳಿತೇ ಇರಬೇಕು. ನಡೆದಾಡಿದರೆ ಅಂಕಿ ಬದಲಾಗುತ್ತದೆ. ಮುಗಿದ ಕೂಡಲೇ ತಿನ್ನಲು ಏನಾದರೂ ಕೈಯಲ್ಲಿರಲಿ, ನನಗೆ ಮೆಟ್ಟಿಲಿಳಿಯುವಾಗ ಕಣ್ಣು ಕತ್ತಲೆಗಟ್ಟಿತ್ತು.

ಸಂಜೆ ಮೊಬೈಲಿಗೆ ವರದಿ ಬಂತು. ಖಾಲಿಹೊಟ್ಟೆ 94, ಒಂದು ಗಂಟೆಗೆ 186, ಎರಡು ಗಂಟೆಗೆ 149. ಖಾಲಿಹೊಟ್ಟೆಯ ಅಂಕಿಯ ಪಕ್ಕದಲ್ಲಿ ‘70ರಿಂದ 100’ ಎಂದು ಮುದ್ರಿಸಿದ್ದರು, ಅಂದರೆ ಸರಿಯಿದೆ. ಒಂದು ಗಂಟೆಯದಕ್ಕೆ ಮಿತಿಯನ್ನೇ ಕೊಟ್ಟಿರಲಿಲ್ಲ. 149ರ ಪಕ್ಕದಲ್ಲಿ ಮಾತ್ರ ಒಂದು ನಕ್ಷತ್ರ. 140ಕ್ಕಿಂತ ಒಂಬತ್ತು ಹೆಚ್ಚು, ಅಷ್ಟೇ ತಾನೇ ಎಂದುಕೊಂಡೆ. ಮುಂದಿನ ಭೇಟಿಗೆ ಐದು ದಿನವಿತ್ತು. ಆ ಐದು ದಿನ ಎಂದಿನಂತೆ ನೀರುದೋಸೆ, ಬನ್ಸ್, ಸಂಜೆಗೆ ಗೋಳಿಬಜೆ ತಿಂದುಕೊಂಡಿದ್ದೆ.

ಇಲ್ಲಿ ಎಲ್ಲರೂ ಒಂದು ವಿಷಯವನ್ನು ಗಮನಿಸಬೇಕು. ವರದಿಯಲ್ಲಿ ಮುದ್ರಿಸಿರುವ ಮಿತಿ ಹೆಚ್ಚಿನ ಕಡೆ ಸಾಮಾನ್ಯ ಜನರದ್ದು, ಗರ್ಭಿಣಿಯರದ್ದಲ್ಲ. 75 ಗ್ರಾಂ ಪರೀಕ್ಷೆಗೆ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಒಪ್ಪಿದ ಮಿತಿಗಳು ಹೀಗಿವೆ: ಖಾಲಿಹೊಟ್ಟೆಗೆ 92, ಒಂದು ಗಂಟೆಗೆ 180, ಎರಡು ಗಂಟೆಗೆ 153. ಈ ಮೂರರಲ್ಲಿ ಒಂದೇ ಒಂದು ಮುಟ್ಟಿದರೂ ಅದು ಗರ್ಭಾವಸ್ಥೆಯ ಮಧುಮೇಹ. ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ಇನ್ನೂ ಸರಳವಾದ ವಿಧಾನವಿದೆ. ಊಟವಾಗಿರಲಿ ಆಗದಿರಲಿ 75 ಗ್ರಾಂ ಗ್ಲೂಕೋಸ್ ಕೊಟ್ಟು, ಎರಡು ಗಂಟೆಯ ನಂತರ ಒಮ್ಮೆ ಮಾತ್ರ ರಕ್ತ ತೆಗೆಯುತ್ತಾರೆ. 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಇದೆ ಎಂದೇ ಲೆಕ್ಕ. ಎರಡು ಅಳತೆಗೋಲುಗಳಿರುವುದರಿಂದ ಒಬ್ಬರು ಇದೆ, ಇನ್ನೊಬ್ಬರು ಇಲ್ಲ ಎನ್ನುವ ಗೊಂದಲ ನನ್ನ ಗೆಳತಿಯರಲ್ಲಿಯೂ ಆಗಿದೆ. ನನ್ನದು ಎರಡರಲ್ಲಿಯೂ ದಾಟಿತ್ತು. ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆಯಲ್ಲಿ 5.2 ಬಂದಿದ್ದರಿಂದ ಭಾವ ‘ಏನೂ ಇಲ್ಲ, ಹೆದರಿಸುತ್ತಾರೆ’ ಎಂದಿದ್ದರು. ಗರ್ಭಿಣಿಯರಲ್ಲಿ ಕೆಂಪು ರಕ್ತಕಣಗಳು ಬೇಗ ಬೇಗ ಹೊಸದಾಗುವುದರಿಂದ ಆ ಸರಾಸರಿ ಕಡಿಮೆ ತೋರಿಸುತ್ತದೆ, ಅದನ್ನು ನೆಚ್ಚಿಕೊಳ್ಳಬಾರದು ಎಂದು ಆಮೇಲೆ ತಿಳಿಯಿತು.

ಸುದ್ದಿ ಮನೆಗೆ ಬಂದ ದಿನ ಅತ್ತೆ ಒಳ್ಳೆಯ ಮನಸ್ಸಿನಿಂದಲೇ ಕೇಳಿದರು: "ಸೀಮಂತದ ದಿನ ಪಾಯಸ ಎರಡು ಸಲ ಹಾಕಿಸಿಕೊಂಡೆಯಲ್ಲ, ಅದೇ ಆಯಿತೋ ಏನೋ." ಪಕ್ಕದ ಮನೆಯವರು ಹಲಸಿನ ಹಣ್ಣನ್ನು ದೂರಿದರು. ಶಾಲೆಯಲ್ಲಿ ಒಬ್ಬರು, "ನೀವು ಸಪೂರ ಇದ್ದೀರಿ, ನಿಮಗೆ ಬರಲಿಕ್ಕೇ ಇಲ್ಲ, ಇನ್ನೊಂದು ಲ್ಯಾಬಿನಲ್ಲಿ ನೋಡಿ" ಎಂದರು. ಎಲ್ಲರ ಮಾತಿನಲ್ಲಿಯೂ ನಾನು ಏನೋ ತಪ್ಪು ಮಾಡಿದ್ದೇನೆ ಎಂಬುದು ಇದ್ದೇ ಇತ್ತು. ರಾತ್ರಿ ಮಗು ಒದೆಯುವಾಗ ಕೈಯಿಟ್ಟುಕೊಂಡು, ನನ್ನಿಂದ ಇದಕ್ಕೆ ತೊಂದರೆಯಾಯಿತಲ್ಲ ಎಂದು ಅತ್ತಿದ್ದೇನೆ.

ಆ ಭಾರ ಇಳಿದದ್ದು ಫಿಸಿಷಿಯನ್ ಬಳಿ ಹೋದ ಸಂಜೆ. ಟೋಕನ್ 31, ಕಾದದ್ದು ಎರಡೂವರೆ ಗಂಟೆ. ಒಳಗೆ ಹೋದವಳೇ, "ಡಾಕ್ಟರ್, ನಾನು ಸಿಹಿ ಜಾಸ್ತಿ ತಿಂದದ್ದರಿಂದ ಬಂತೇ?" ಎಂದು ಕೇಳಿದೆ. ಅವರು ಪೆನ್ನು ಕೆಳಗಿಟ್ಟರು. "ಅಲ್ಲ. ಮೊದಲು ಅದನ್ನು ತಲೆಯಿಂದ ತೆಗೆಯಿರಿ" ಎಂದು, ಚೀಟಿಯ ಹಿಂಬದಿಯಲ್ಲಿ ಒಂದು ಚಿತ್ರ ಬರೆದರು. ಆ ಚೀಟಿ ಈಗಲೂ ನನ್ನ ಫೈಲಿನಲ್ಲಿದೆ. ಒಂದು ಕಡೆ ಮಾಸು (ಪ್ಲಾಸೆಂಟಾ), ಇನ್ನೊಂದು ಕಡೆ ಕೊಬ್ಬಿನ ಕಣ. ಎರಡರಿಂದಲೂ ಬಾಣಗಳು ಹೊರಟು ಸ್ನಾಯು ಮತ್ತು ಲಿವರಿನತ್ತ ಹೋಗುತ್ತವೆ.

ಅವರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಮಗುವಿಗೆ ಸಕ್ಕರೆ ತಾಯಿಯ ರಕ್ತದಿಂದ ಹೋಗಬೇಕು. ತಾಯಿಯ ಸ್ನಾಯುಗಳೇ ಎಲ್ಲವನ್ನೂ ಎಳೆದುಕೊಂಡರೆ ಮಗುವಿಗೆ ಸಾಲದು. ಅದಕ್ಕೆ ಮಾಸು ತನ್ನ ಹಾರ್ಮೋನುಗಳನ್ನು ಸುರಿಸಿ ರಕ್ತದ ಸಕ್ಕರೆಯನ್ನು ಕಣಗಳೊಳಗೆ ಕಳುಹಿಸುವ ಇನ್ಸುಲಿನ್ನಿನ ಮಾತನ್ನು ತಾಯಿಯ ದೇಹವು ಅರ್ಧಂಬರ್ಧ ಮಾತ್ರ ಕೇಳುವಂತೆ ಮಾಡುತ್ತದೆ. ಇದು ಎಲ್ಲ ಗರ್ಭಿಣಿಯರಲ್ಲಿಯೂ ಆಗುತ್ತದೆ. ಕೊನೆಯ ತಿಂಗಳುಗಳಲ್ಲಿ ಇನ್ಸುಲಿನ್ನಿಗೆ ದೇಹ ಸ್ಪಂದಿಸುವುದು ಅರ್ಧದಷ್ಟು ಇಳಿಯುತ್ತದೆ. ಅದನ್ನು ಸರಿದೂಗಿಸಲು ಮೇದೋಜೀರಕ ಗ್ರಂಥಿ ಎರಡು ಮೂರು ಪಟ್ಟು ಇನ್ಸುಲಿನ್ ತಯಾರಿಸಬೇಕು. ತಯಾರಿಸಲು ಆದರೆ ಸರಿ, ಆಗದವರಿಗೆ ಶುಗರ್.

"ಮಾಸು ಎಲ್ಲರಿಗೂ ಇರುತ್ತದಲ್ಲ, ನನಗೆ ಮಾತ್ರ ಯಾಕೆ?" ಎಂದೆ. ಆಗ ಅವರು ಕೊಬ್ಬಿನ ಕಣದತ್ತ ಪೆನ್ನು ತೋರಿಸಿದರು. ಕೊಬ್ಬು ಎಂದರೆ ಸುಮ್ಮನೆ ಕೂಡಿಟ್ಟ ಎಣ್ಣೆಯ ಗಂಟು ಎಂದೇ ನಾನು ತಿಳಿದಿದ್ದೆ. ಅದು ಹಾರ್ಮೋನುಗಳನ್ನು ತಯಾರಿಸುವ ಒಂದು ಅಂಗ. 1994ರಲ್ಲಿ ನ್ಯೂಯಾರ್ಕಿನ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಲೆಪ್ಟಿನ್ ಎಂಬ ಹಾರ್ಮೋನನ್ನು ಕಂಡುಹಿಡಿದ ಮೇಲೆ ಈ ತಿಳಿವಳಿಕೆ ಬೆಳೆಯಿತಂತೆ. ಹೊಟ್ಟೆ ತುಂಬಿದೆ, ಸಂಗ್ರಹ ಸಾಕಷ್ಟಿದೆ ಎಂದು ಮಿದುಳಿಗೆ ತಿಳಿಸುವುದು ಅದರ ಕೆಲಸ. ಗರ್ಭಿಣಿಯರಲ್ಲಿ ಮಾಸು ಕೂಡ ಅದನ್ನು ಸೇರಿಸುವುದರಿಂದ ಅದು ಏರುತ್ತದೆ. ಟಿಎನ್‌ಎಫ್ ಆಲ್ಫಾ ಎಂಬ ಇನ್ನೊಂದು ವಸ್ತುವೂ ಕೊಬ್ಬು ಮತ್ತು ಮಾಸು ಎರಡರಿಂದಲೂ ಬರುತ್ತದೆ. ಅದು ಇನ್ಸುಲಿನ್ನಿನ ಸಂದೇಶ ಕಣದೊಳಗೆ ದಾಟದಂತೆ ಅಡ್ಡ ನಿಲ್ಲುತ್ತದೆ.

ನನ್ನ ಮನಸ್ಸಿನಲ್ಲಿ ಉಳಿದದ್ದು ಅಡಿಪೊನೆಕ್ಟಿನ್ ಎಂಬ ಹಾರ್ಮೋನು. ಉಳಿದವು ಅಡ್ಡಗಾಲು ಹಾಕಿದರೆ ಇದು ನೆರವಿಗೆ ನಿಲ್ಲುತ್ತದೆ: ಲಿವರ್ ಮತ್ತು ಸ್ನಾಯು ಇನ್ಸುಲಿನ್ನಿಗೆ ಚೆನ್ನಾಗಿ ಸ್ಪಂದಿಸುವಂತೆ ಮಾಡುತ್ತದೆ. ವಿಚಿತ್ರವೆಂದರೆ ಇದನ್ನು ತಯಾರಿಸುವುದು ಕೊಬ್ಬಿನ ಕಣವೇ ಆದರೂ, ಹೊಟ್ಟೆಯೊಳಗೆ ಕೊಬ್ಬು ಹೆಚ್ಚಿದಷ್ಟೂ ಇದು ಕಡಿಮೆಯಾಗುತ್ತದೆ. ಗರ್ಭ ಬೆಳೆದಂತೆ ಎಲ್ಲರಲ್ಲಿಯೂ ಇಳಿಯುತ್ತದೆ, ಗರ್ಭಾವಸ್ಥೆಯ ಮಧುಮೇಹ ಬರುವವರಲ್ಲಿ ಇನ್ನೂ ಕೆಳಗಿರುತ್ತದೆ. ಅಂಥ ಕೆಲವರಲ್ಲಿ ಬಸಿರಾಗುವ ಮೊದಲೇ ಅದು ಕಡಿಮೆಯಿದ್ದದ್ದು ಅಧ್ಯಯನಗಳಲ್ಲಿ ಕಂಡಿದೆ. ಅಂದರೆ ನಾನು ಸೀಮಂತದ ಪಾಯಸಕ್ಕೆ ಕೈಯೊಡ್ಡುವ ಎಷ್ಟೋ ಮೊದಲೇ ನನ್ನ ದೇಹದಲ್ಲಿ ಇದರ ಬೀಜ ಇದ್ದಿರಬಹುದು.

"ಆದರೆ ನಾನು ಸಪೂರ ಇದ್ದೇನಲ್ಲ?" 54 ಕಿಲೋ, 155 ಸೆಂಟಿಮೀಟರ್ ಎಂದರೆ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ನೋಡುವ ಅಳತೆ) 22.5. ನಮ್ಮ ದೇಶದವರಿಗೆ 23ರ ಒಳಗಿದ್ದರೆ ಸರಿ ಎನ್ನುತ್ತಾರೆ. ಡಾಕ್ಟರ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಇಬ್ಬರು ವಿಜ್ಞಾನಿಗಳ ಚಿತ್ರದ ಬಗ್ಗೆ ಹೇಳಿದರು. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಇಂಗ್ಲೆಂಡಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ ಒಂದೇ, 22.3. ದೇಹದ ಕೊಬ್ಬು ಮಾತ್ರ ಯುಡ್ಕಿನ್ ಅವರಲ್ಲಿ ಶೇಕಡಾ 9.1, ಯಾಜ್ಞಿಕ್ ಅವರಲ್ಲಿ ಶೇಕಡಾ 21.2. ನಮ್ಮವರು ನೋಡಲು ಸಪೂರ ಕಂಡರೂ ಒಳಗೆ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ತೂಕದ ಯಂತ್ರಕ್ಕೆ ಅದು ಕಾಣುವುದಿಲ್ಲ. ವರ್ಷಗಟ್ಟಲೆ ಸಂಖ್ಯೆಗಳನ್ನು ಕಲಿಸಿದ ನನಗೆ, ನನ್ನದೇ ತೂಕದ ಸಂಖ್ಯೆ ಇಷ್ಟು ದಿನ ಅರ್ಧ ಸತ್ಯ ಮಾತ್ರ ಹೇಳುತ್ತಿತ್ತು ಎಂಬುದು ನಿಜಕ್ಕೂ ತಟ್ಟಿತು.

ಅಡಿಪೊನೆಕ್ಟಿನ್ ಪರೀಕ್ಷೆ ಮಾಡಿಸಲೇ ಎಂದು ಕೇಳಿದೆ. "ಅದು ಸಂಶೋಧನೆಯವರಿಗೆ. ನಿಮ್ಮ ಚಿಕಿತ್ಸೆ ಅದರಿಂದ ಬದಲಾಗುವುದಿಲ್ಲ. ಆ ದುಡ್ಡಿಗೆ ಗ್ಲುಕೋಮೀಟರಿನ ಪಟ್ಟಿ ತೆಗೆದುಕೊಳ್ಳಿ" ಎಂದರು. ನೀವೂ ಹಾಗೆಯೇ ಮಾಡಿ.

ಎರಡು ವಾರ ಊಟ ಮತ್ತು ನಡಿಗೆಯಲ್ಲಿಯೇ ನೋಡೋಣ ಎಂದು ತೀರ್ಮಾನವಾಯಿತು. ಗುರಿ: ಖಾಲಿಹೊಟ್ಟೆಗೆ 95ರ ಒಳಗೆ, ಊಟವಾಗಿ ಒಂದು ಗಂಟೆಗೆ 140ರ ಒಳಗೆ ಅಥವಾ ಎರಡು ಗಂಟೆಗೆ 120ರ ಒಳಗೆ. ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಬೇಕು. ಬೆರಳಿನ ತುದಿಯ ನಡುವೆ ಚುಚ್ಚಬೇಡಿ, ಅಲ್ಲಿ ನೋವು ಹೆಚ್ಚು. ಬದಿಯಲ್ಲಿ ಚುಚ್ಚಿ. ಕೈ ತೊಳೆದು ಪೂರ್ತಿ ಒಣಗಿಸಿಕೊಂಡೇ ಚುಚ್ಚಿ. ಮಾವಿನಹಣ್ಣು ಹೆಚ್ಚಿದ ಕೈಯನ್ನು ಸರಿಯಾಗಿ ತೊಳೆಯದೆ ಒಮ್ಮೆ ನೋಡಿದಾಗ 212 ಬಂದು ಎದೆ ಹಾರಿತ್ತು. ಸೋಪು ಹಾಕಿ ತೊಳೆದು ನೋಡಿದರೆ 118.

ಊಟದ ವಿಷಯದಲ್ಲಿ ಆಸ್ಪತ್ರೆಯವರು ಕೊಟ್ಟ ಮುದ್ರಿತ ಪಟ್ಟಿಯಲ್ಲಿ ಚಪಾತಿ, ಓಟ್ಸ್, ಪನೀರು ಇದ್ದವು. ನಮ್ಮ ಮನೆಯಲ್ಲಿ ಮೂರು ಹೊತ್ತೂ ಅಕ್ಕಿ. ಹಾಗಾಗಿ ನಮ್ಮ ಅಡುಗೆಯನ್ನೇ ಮೀಟರಿನಿಂದ ಪರೀಕ್ಷಿಸತೊಡಗಿದೆ. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಮಾತ್ರ: 168. ಅದೇ ಗಂಜಿ ಅರ್ಧ ಪ್ರಮಾಣ, ಜೊತೆಗೆ ಹುರುಳಿ ಸಾರು, ಹೀರೆಕಾಯಿ ಪಲ್ಯ, ಎರಡು ಬಂಗುಡೆ: 131. ನೀರುದೋಸೆ ಮೂರು: 174. ಒಂದು ನೀರುದೋಸೆ, ಎರಡು ಮೊಟ್ಟೆ, ಬಸಳೆ ಪದಾರ್ಥ: 126. ಶುಗರಿಗೆ ರಾಗಿ ಒಳ್ಳೆಯದೆಂದು ಎಲ್ಲರೂ ಹೇಳುತ್ತಾರೆ, ನನಗೆ ನೀರಾಗಿ ಮಾಡಿದ ರಾಗಿ ಅಂಬಲಿ 170 ದಾಟಿಸಿತು. ನಿಮ್ಮ ಅಂಕಿಗಳು ನನ್ನವೇ ಆಗಬೇಕೆಂದಿಲ್ಲ, ನಿಮ್ಮ ಮೀಟರನ್ನೇ ಕೇಳಿ. ನಾನು ಕಂಡುಕೊಂಡದ್ದು ಇಷ್ಟು: ಅನ್ನವನ್ನು ಪೂರ್ತಿ ಬಿಡಬೇಕಾಗಿಲ್ಲ. ಮೊದಲು ತರಕಾರಿ ಮತ್ತು ಮೀನು ಅಥವಾ ಕಾಳು ತಿಂದು, ಅನ್ನವನ್ನು ಅಳೆದು ಕೊನೆಗೆ ತಿನ್ನಬೇಕು. ಊಟವಾದ ಮೇಲೆ ಹದಿನೈದು ಇಪ್ಪತ್ತು ನಿಮಿಷ ನಡೆದರೆ ಇಪ್ಪತ್ತು ಮೂವತ್ತು ಅಂಕಿ ನನಗೆ ಕಡಿಮೆಯಾಗುತ್ತಿತ್ತು. ನಡೆಯುವ ಸ್ನಾಯು ಇನ್ಸುಲಿನ್ನಿಗೆ ಕಾಯದೆ ಸಕ್ಕರೆಯನ್ನು ಎಳೆದುಕೊಳ್ಳುತ್ತದಂತೆ. ಏಪ್ರಿಲ್ ಬಿಸಿಲಿಗೆ ಹೊರಗೆ ಹೋಗಲಾಗದೆ ಮನೆಯ ಚಾವಡಿಯಲ್ಲಿಯೇ ಅತ್ತಿಂದಿತ್ತ ನಡೆದೆ. ಮೂರನೇ ದಿನದಿಂದ ಅತ್ತೆಯೂ ಜೊತೆಗೆ ನಡೆಯತೊಡಗಿದರು. ಪಾಯಸದ ಮಾತು ಮತ್ತೆಂದೂ ಬರಲಿಲ್ಲ.

ಯುಗಾದಿ ಕಳೆದು ಒಂದು ವಾರ ತವರಿಗೆ ಹೋಗಿದ್ದೆ. ಕಟಪಾಡಿಯಲ್ಲಿ ನಮ್ಮ ಅಮ್ಮ ಮಲ್ಲಿಗೆ ಬೆಳೆಸುತ್ತಾರೆ. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು ತಂದು, ಜಗಲಿಯಲ್ಲಿ ಕುಳಿತು ಬಾಳೆನಾರಿನಲ್ಲಿ ಕಟ್ಟುತ್ತಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಆ ದಿನ ನಾನು ಪಕ್ಕದಲ್ಲಿ ಕುಳಿತು ಬೆರಳು ಚುಚ್ಚಿಕೊಂಡೆ. 101 ಬಂತು. ಅಮ್ಮನ ಕೈ ನಿಂತಿತು. ಒದ್ದೆಯಾದ ನಾರನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ಬಿಚ್ಚುತ್ತಾ, "ನನಗೂ ಇದೆ" ಎಂದರು. ನಾಲ್ಕು ವರ್ಷದಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ನನ್ನ ಮದುವೆಯ ಮಾತುಕತೆ ನಡೆಯುತ್ತಿದ್ದ ಕಾಲ, ಹೇಳಿದರೆ ಸಂಬಂಧಕ್ಕೆ ತೊಂದರೆಯಾಗುತ್ತದೆಂದು ಮುಚ್ಚಿಟ್ಟರು, ಆಮೇಲೆ ಹೇಳಲು ಧೈರ್ಯ ಬರಲಿಲ್ಲ. ಮೊದಲ ಭೇಟಿಯ ದಿನ ಆಸ್ಪತ್ರೆಯ ಫಾರಂನಲ್ಲಿ ‘ತಾಯಿ ತಂದೆಗೆ ಸಕ್ಕರೆ ಕಾಯಿಲೆ ಇದೆಯೇ’ ಎಂಬಲ್ಲಿ ನಾನು ‘ಇಲ್ಲ’ ಎಂದು ಬರೆದಿದ್ದೆ. ಅಮ್ಮನ ಮೇಲೆ ಸಿಟ್ಟು ಬರಲಿಲ್ಲ. ಒಬ್ಬರೇ ನಾಲ್ಕು ವರ್ಷ ಹೊತ್ತಿದ್ದರಲ್ಲ ಎಂದು ಸಂಕಟವಾಯಿತು. ಫಾರಂ ತುಂಬುವ ಮೊದಲು ದಯವಿಟ್ಟು ಮನೆಯಲ್ಲಿ ನೇರವಾಗಿ ಕೇಳಿ. ‘ಸ್ವಲ್ಪ ಶುಗರ್, ಒಂದು ಮಾತ್ರೆ ಅಷ್ಟೇ’ ಎಂಬುದು ಕೂಡ ಶುಗರೇ.

ಊಟದ ನಂತರದ ಅಂಕಿಗಳು ಹಿಡಿತಕ್ಕೆ ಬಂದವು, ಖಾಲಿಹೊಟ್ಟೆಯದು ಬರಲಿಲ್ಲ. 99, 102, 98. ರಾತ್ರಿಯೆಲ್ಲಾ ಲಿವರ್ ತಾನಾಗಿಯೇ ಸಕ್ಕರೆ ಬಿಡುತ್ತದೆ, ಅದನ್ನು ತಡೆಯಬೇಕಾದ ಇನ್ಸುಲಿನ್ನಿನ ಮಾತು ನಡೆಯುತ್ತಿಲ್ಲ, ರಾತ್ರಿಯ ಊಟ ಎಷ್ಟು ಕಡಿಮೆ ಮಾಡಿದರೂ ಇದಕ್ಕೆ ಪ್ರಯೋಜನವಿಲ್ಲ ಎಂದರು ಡಾಕ್ಟರ್. ನಾನಂತೂ ಹೆದರಿ ಎರಡು ರಾತ್ರಿ ಅರೆಹೊಟ್ಟೆಯಲ್ಲಿ ಮಲಗಿದ್ದೆ. ಅದು ತಪ್ಪು, ಮಗುವಿಗೂ ಒಳ್ಳೆಯದಲ್ಲ. 29ನೇ ವಾರಕ್ಕೆ ಮಲಗುವ ಮುಂಚೆ ಆರು ಯೂನಿಟ್ ಇನ್ಸುಲಿನ್ ಬರೆದರು. ಮಾತ್ರೆ ಸಾಲದೇ ಎಂದು ಕೇಳಿದೆ. ಮೆಟ್‌ಫಾರ್ಮಿನ್ ಕೊಡುವುದುಂಟು, ಆದರೆ ಅದು ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ, ಇನ್ಸುಲಿನ್ ದಾಟುವುದಿಲ್ಲ, ನಿಮ್ಮ ಅಂಕಿಗಳಿಗೆ ಇನ್ಸುಲಿನ್ನೇ ಸರಿ ಎಂದರು.

ಮೊದಲ ಚುಚ್ಚುಮದ್ದು ಮರೆಯುವಂಥದ್ದಲ್ಲ. ಹೊಟ್ಟೆಗೆ ಚುಚ್ಚಿದರೆ ಮಗುವಿಗೆ ತಾಗುತ್ತದೆ ಎಂದು ನನ್ನ ಮೈ ನಡುಗುತ್ತಿತ್ತು. ಸಿಸ್ಟರ್ ಸೂಜಿಯ ಮುಚ್ಚಳ ತೆಗೆದು ನನ್ನ ಅಂಗೈ ಮೇಲೆ ಹಿಡಿದರು. ನಾಲ್ಕು ಮಿಲಿಮೀಟರ್, ಭತ್ತದ ಒಂದು ಕಾಳಿನಷ್ಟು ಉದ್ದವೂ ಇಲ್ಲ. "ಇದು ಚರ್ಮದ ಕೆಳಗೆ ನಿಲ್ಲುತ್ತದೆ ಅಮ್ಮ, ಮಗು ಎಷ್ಟೋ ಒಳಗೆ ಉಂಟು" ಎಂದರು. ಇನ್ಸುಲಿನ್ ತುಂಬಿದ ಪೆನ್ನನ್ನು ಎರಡೂ ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ, ಒಳಗಿನ ಔಷಧ ಒಂದೇ ಸಮನೆ ಹಾಲಿನಂತಾದ ಮೇಲೆ, ಎರಡು ಯೂನಿಟ್ ಗಾಳಿಗೆ ಬಿಟ್ಟು, ಆಮೇಲೆ ಆರಕ್ಕೆ ತಿರುಗಿಸಿ, ತೊಡೆಗೆ ಚುಚ್ಚಿ, ಹತ್ತು ಎಣಿಸಿ ತೆಗೆದೆ. ಬೆರಳು ಚುಚ್ಚಿದಷ್ಟೂ ನೋವಾಗಲಿಲ್ಲ. ಹೆರಿಗೆಯ ಹೊತ್ತಿಗೆ ಆರು ಹದಿನಾಲ್ಕಾಯಿತು. ಯೂನಿಟ್ ಏರಿದರೆ ಕಾಯಿಲೆ ಕೆಟ್ಟಿತು ಎಂದಲ್ಲ, ಮಾಸು ಬೆಳೆಯುತ್ತಿದೆ ಎಂದರ್ಥ.

ಇನ್ಸುಲಿನ್ ಬಗ್ಗೆ ಎರಡು ಎಚ್ಚರಿಕೆ. ನಮ್ಮಲ್ಲಿ ಸಿಗುವ ಸಾಮಾನ್ಯ ಬಾಟಲಿಯಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್, ಪೆನ್ನಿನ ಕಾರ್ಟ್ರಿಜ್‌ನಲ್ಲಿ 100 ಯೂನಿಟ್. ಒಂದು ರಾತ್ರಿ ಕಾರ್ಟ್ರಿಜ್ ಮುಗಿದು, ಔಷಧದಂಗಡಿಯಲ್ಲಿ ಬಾಟಲಿ ಮತ್ತು ಬೇರೆ ಅಳತೆಯ ಸಿರಿಂಜ್ ಕೊಟ್ಟರು. ಗಂಡ ಮನೆಗೆ ತಂದು ಎರಡನ್ನೂ ಓದಿ ನೋಡಿದ್ದರಿಂದ ಅಪಾಯ ತಪ್ಪಿತು. ಬಾಟಲಿ ಮೇಲಿನ ಅಂಕಿ ಮತ್ತು ಸಿರಿಂಜ್ ಮೇಲಿನ ಅಂಕಿ ಒಂದೇ ಇರಬೇಕು. ಇನ್ನೊಂದು, ಬಳಸದ ಇನ್ಸುಲಿನ್ ಫ್ರಿಜ್‌ನಲ್ಲಿರಲಿ, ಫ್ರೀಜರಿನ ಹತ್ತಿರ ಬೇಡ. ಮೇ ತಿಂಗಳ ಗುಡುಗು ಮಳೆಗೆ ನಮ್ಮಲ್ಲಿ ಒಂದು ದಿನವಿಡೀ ಕರೆಂಟು ಹೋಗಿತ್ತು. ಬಳಸುತ್ತಿದ್ದ ಪೆನ್ನನ್ನು ಚೀಲದಲ್ಲಿ ಸುತ್ತಿ, ನೀರು ತುಂಬಿದ ಮಣ್ಣಿನ ಮಡಕೆಯ ಮೇಲಿನ ಬಟ್ಟಲಲ್ಲಿ ಇಟ್ಟು ಕಾಪಾಡಿದೆವು.

ಖರ್ಚಿನ ಲೆಕ್ಕ ಬರೆದಿಟ್ಟಿದ್ದೇನೆ. ಹೆರಿಗೆಯ ಬಿಲ್ ಬಿಟ್ಟು, 26ರಿಂದ 39ನೇ ವಾರದವರೆಗೆ ಶುಗರಿಗೆಂದೇ ಆದದ್ದು ಸುಮಾರು 23,000 ರೂಪಾಯಿ. ಅದರಲ್ಲಿ ಹೆಚ್ಚಿನದು ಮೀಟರಿನ ಪಟ್ಟಿಗಳಿಗೆ ಮತ್ತು ಮಗುವಿನ ಬೆಳವಣಿಗೆ ನೋಡುವ ಸ್ಕ್ಯಾನಿಂಗ್‌ಗಳಿಗೆ. ಇಷ್ಟು ಕೈಯಿಂದ ಹಾಕಲಾಗದವರು ಹಿಂಜರಿಯದೆ ಸರಕಾರಿ ಆಸ್ಪತ್ರೆಗೆ ಹೋಗಿ. ಮಂಗಳೂರಿನಲ್ಲಿ ಲೇಡಿಗೋಶನ್, ಉಡುಪಿಯಲ್ಲಿ ತಾಯಿ ಮತ್ತು ಮಕ್ಕಳ ಸರಕಾರಿ ಆಸ್ಪತ್ರೆ ಇವೆ. ಸರಕಾರಿ ವ್ಯವಸ್ಥೆಯಲ್ಲಿ ಗರ್ಭಿಣಿಯರಿಗೆ ಪರೀಕ್ಷೆ ಮತ್ತು ಔಷಧ ಉಚಿತ. ಖಾಸಗಿಯಲ್ಲಿ ತೋರಿಸುತ್ತಿದ್ದರೂ ಆಶಾ ಕಾರ್ಯಕರ್ತೆಯನ್ನು ಕಂಡು ತಾಯಿ ಕಾರ್ಡ್ ಮಾಡಿಸಿಕೊಳ್ಳಿ. ನಾನು ತವರಿನ ವಿಳಾಸವೋ ಗಂಡನ ಮನೆಯದೋ ಎಂಬ ಗೊಂದಲದಲ್ಲಿ ಎರಡು ತಿಂಗಳು ಕಳೆದೆ.

39ನೇ ವಾರಕ್ಕೆ, ಜೂನ್ ಮಧ್ಯದಲ್ಲಿ, ನೋವು ಬರಿಸಲು ದಾಖಲಾದೆ. ಹೊರಗೆ ಕಿಟಕಿಯೇ ಕಾಣದಷ್ಟು ಮಳೆ. ಗಂಟೆಗೊಮ್ಮೆ ಸಕ್ಕರೆ ನೋಡುತ್ತಿದ್ದರು. ಹೆರಿಗೆಯ ಹೊತ್ತಿನಲ್ಲಿ ತಾಯಿಯ ಸಕ್ಕರೆ ಏರಿದರೆ ಹುಟ್ಟಿದ ಮೇಲೆ ಮಗುವಿನದು ಕುಸಿಯುತ್ತದೆ. ಒಳಗಿರುವಾಗ ತಾಯಿಯ ಸಕ್ಕರೆಗೆ ತಕ್ಕಂತೆ ಮಗು ತಾನೇ ಇನ್ಸುಲಿನ್ ತಯಾರಿಸುತ್ತಿರುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದಾಗ ಸಕ್ಕರೆ ನಿಲ್ಲುತ್ತದೆ, ಇನ್ಸುಲಿನ್ ಉಳಿದಿರುತ್ತದೆ. ಹದಿನಾರು ಗಂಟೆಯ ನಂತರ ಮಗಳು ಹುಟ್ಟಿದಳು, 3.1 ಕಿಲೋ. ನನಗೆ ಯಾರೂ ಮೊದಲೇ ಹೇಳದಿದ್ದ ಸಂಗತಿಯೆಂದರೆ ಅವಳ ಹಿಮ್ಮಡಿಗೂ ಚುಚ್ಚುತ್ತಾರೆ ಎಂಬುದು. ಮೊದಲ ಅಂಕಿ 41. ಕೂಡಲೇ ಎದೆಗೆ ಹಾಕಿಕೊಳ್ಳಲು ಹೇಳಿದರು. ಗಿಣ್ಣುಹಾಲು ಎರಡು ಮೂರು ಹನಿ ಬಂತೋ ಇಲ್ಲವೋ ಎಂದು ಅಳುತ್ತಾ ಹಾಲೂಡಿಸಿದೆ. ಮುಂದಿನ ಸಲ 53. ಇಪ್ಪತ್ತನಾಲ್ಕು ಗಂಟೆ ಹೀಗೆ ಆ ಪುಟ್ಟ ಹಿಮ್ಮಡಿಯನ್ನು ಚುಚ್ಚುವಾಗಲೆಲ್ಲ ನನ್ನ ಬೆರಳುಗಳು ತಾವಾಗಿಯೇ ಮಡಚಿಕೊಳ್ಳುತ್ತಿದ್ದವು. ನೀವು ಮೊದಲೇ ತಿಳಿದಿದ್ದರೆ ಅಷ್ಟು ಹೆದರಲಾರಿರಿ.

ಮಾಸು ಬಿದ್ದ ಮೇಲೆ ನನಗೆ ಇನ್ಸುಲಿನ್ ನಿಲ್ಲಿಸಿದರು. ಮರುದಿನ ಬೆಳಗ್ಗೆ 88.

ಬಿಡುಗಡೆಯ ದಿನ ವಿಮೆಯ ತಕರಾರು ಎದ್ದಿತು. ಡಿಸ್ಚಾರ್ಜ್ ಪತ್ರದಲ್ಲಿ ‘ಮಧುಮೇಹ, ಇನ್ಸುಲಿನ್ ಮೇಲಿದ್ದಾರೆ’ ಎಂದಷ್ಟೇ ಬರೆದಿದ್ದರು. ಗರ್ಭಾವಸ್ಥೆಯದು ಎಂಬ ಮಾತು ಬಿಟ್ಟುಹೋಗಿತ್ತು. ಮೊದಲೇ ಇದ್ದ ಕಾಯಿಲೆಯನ್ನು ಮುಚ್ಚಿಟ್ಟಿದ್ದೀರಾ ಎಂದು ವಿಮೆಯವರು ಪ್ರಶ್ನೆ ಕಳುಹಿಸಿದರು. ಡಾಕ್ಟರರಿಂದ ತಿದ್ದಿದ ಪತ್ರ, ಒಂಬತ್ತನೇ ವಾರದ 86ರ ವರದಿ, 26ನೇ ವಾರದ ವರದಿ, ಮೂರನ್ನೂ ಕೊಟ್ಟ ಮೇಲೆ ಒಪ್ಪಿಗೆ ಬಂತು. ಮಧ್ಯಾಹ್ನ ಎರಡಕ್ಕೆ ಹೊರಡಬೇಕಿದ್ದ ನಾವು ಹೊರಟದ್ದು ರಾತ್ರಿ ಎಂಟಕ್ಕೆ. ಸಹಿ ಹಾಕುವ ಮೊದಲು ಡಿಸ್ಚಾರ್ಜ್ ಪತ್ರದ ಮೊದಲ ಸಾಲನ್ನು ಓದಿಕೊಳ್ಳಿ.

ಬಾಣಂತನ ಕಟಪಾಡಿಯಲ್ಲಿ. ಬೆಲ್ಲ, ತುಪ್ಪ, ತೆಂಗಿನ ಹಾಲಿನ ಲೇಹ್ಯ ಎರಡು ಡಬ್ಬಿ ತಯಾರಿತ್ತು. ಅಮ್ಮ ಈ ಸಲ ಅದನ್ನು ಚಮಚದಲ್ಲಿ ಅಳೆದು ಕೊಟ್ಟರು, ಮೆಂತೆ ಗಂಜಿಗೆ ಬೆಲ್ಲ ಹಾಕಲಿಲ್ಲ. ಆರು ವಾರಕ್ಕೆ ಮತ್ತೆ 75 ಗ್ರಾಂ ಪರೀಕ್ಷೆ ಮಾಡಿಸಬೇಕು ಎಂದಾಗ ನೆಂಟರೆಲ್ಲ, "ಹೆರಿಗೆಯಾಯಿತಲ್ಲ, ಇನ್ನೇನು?" ಎಂದರು. ಅನೇಕರು ಇಲ್ಲಿಯೇ ಬಿಟ್ಟುಬಿಡುತ್ತಾರೆ. ಮಾಸು ಹೋದರೂ ಕೊಬ್ಬಿನ ಕಣ, ಅದರ ಹಾರ್ಮೋನುಗಳು, ಅಮ್ಮನಿಂದ ಬಂದ ಗುಣ ನನ್ನಲ್ಲಿಯೇ ಉಳಿದಿವೆಯಲ್ಲ. ಗರ್ಭಿಣಿಯಾಗಿದ್ದಾಗ ಶುಗರ್ ಬಂದವರಿಗೆ ಮುಂದೆ ಶಾಶ್ವತ ಮಧುಮೇಹ ಬರುವ ಸಾಧ್ಯತೆ ಉಳಿದವರಿಗಿಂತ ಏಳರಿಂದ ಹತ್ತು ಪಟ್ಟು ಹೆಚ್ಚು.

ಆಟಿ ತಿಂಗಳ (ತುಳುನಾಡಿನಲ್ಲಿ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಮಳೆಯಲ್ಲಿ, ಮಗಳನ್ನು ಅಮ್ಮನ ಮಡಿಲಲ್ಲಿ ಬಿಟ್ಟು ಉಡುಪಿಗೆ ಹೋಗಿ ಪರೀಕ್ಷೆ ಮಾಡಿಸಿದೆ. ಎರಡು ಗಂಟೆ ಎಂದರೆ ಹಾಲು ಕುಡಿಯುವ ಮಗುವಿಗೆ ದೊಡ್ಡ ಹೊತ್ತು, ಹಾಲು ಹಿಂಡಿ ಇಟ್ಟು ಹೋಗಿ ಅಥವಾ ಮಗುವನ್ನೂ ಕರೆದೊಯ್ಯಿರಿ. ಖಾಲಿಹೊಟ್ಟೆ 93, ಎರಡು ಗಂಟೆಗೆ 143. ಈಗ ಸಾಮಾನ್ಯರ ಮಿತಿಯೇ ನನಗೂ. 140ರಿಂದ 199ರವರೆಗೆ ಮಧುಮೇಹಕ್ಕೆ ಮುಂಚಿನ ಹಂತ. ಮೂರು ಅಂಕಿ ದಾಟಿದೆ. ಹೊರಬಂದು ಬಸ್ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಬೇಸರವಾಯಿತು, ಆದರೆ ಮಾರ್ಚ್ ತಿಂಗಳಿನಂತೆ ನನ್ನನ್ನು ನಾನು ದೂರಿಕೊಳ್ಳಲಿಲ್ಲ. ಎದೆಹಾಲು ಮುಂದುವರಿಸಿ, ಅದು ನಿಮಗೂ ಒಳ್ಳೆಯದು, ಸ್ನಾಯು ಬೆಳೆಯುವಂಥ ವ್ಯಾಯಾಮವನ್ನು ನಿಧಾನವಾಗಿ ಆರಂಭಿಸಿ, ಒಂದು ವರ್ಷಕ್ಕೆ ಮತ್ತೆ ಪರೀಕ್ಷೆ ಮಾಡಿಸಿ ಎಂದು ಡಾಕ್ಟರ್ ಹೇಳಿದ್ದಾರೆ. ಈಗ ಬೆಳಗ್ಗೆ ಅಮ್ಮ ಮತ್ತು ನಾನು ಒಂದೇ ಮೀಟರಿನಲ್ಲಿ ನೋಡಿಕೊಳ್ಳುತ್ತೇವೆ. ಅವರ ಅಂಕಿ ಒಂದು ಕಾಲಂ, ನನ್ನದು ಇನ್ನೊಂದು.

ನನ್ನ ಕಾಗದವನ್ನು ನಾನು ಮರೆಯುತ್ತೇನೆ, ಮಗಳ ಲಸಿಕೆಯ ದಿನವನ್ನು ಮರೆಯುವುದಿಲ್ಲ. ಹಾಗಾಗಿ ತಾಯಿ ಕಾರ್ಡಿನಲ್ಲಿ ಅವಳ ಲಸಿಕೆಗಳ ಪಟ್ಟಿಯ ಕೆಳಗೆ, ಮುಂದಿನ ಜುಲೈ ಎಂದು ಬರೆದು, ಪಕ್ಕದಲ್ಲಿ ‘ಅಮ್ಮನ 75 ಗ್ರಾಂ’ ಎಂದು ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದೇನೆ.